ಮೂಗು ಓಡುವುದಿಲ್ಲ, ಸೋರುತ್ತದೆ: ‘ರನ್’ ಪದವನ್ನು ಮಕ್ಕಳಿಗೆ ಹೇಗೆ ಕಲಿಸಬೇಕು?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಕೊಪ್ಪಳ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಹನ್ನೊಂದು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ನನ್ನ ತರಗತಿಗೆ ಬರುವ ಮಕ್ಕಳಲ್ಲಿ ಬಹುತೇಕರು ಕನ್ನಡ ಮಾಧ್ಯಮದಲ್ಲೇ ಓದಿ ಬಂದವರು. ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಅದರ ಕನ್ನಡ ಅರ್ಥ ಬರೆದುಕೊಂಡು ಬಾಯಿಪಾಠ ಮಾಡುವುದು ಅವರಿಗೆ ರೂಢಿಯಾಗಿದೆ; ಆ ರೂಢಿ ಮಾಡಿಸಿದವರಲ್ಲಿ ನಾನೂ ಒಬ್ಬಳು.

ಕಳೆದ ವಾರ ಒಂಬತ್ತನೆಯ ತರಗತಿಗೆ ‘ರನ್’ ಎಂಬ ಪದವಿರುವ ಹತ್ತು ವಾಕ್ಯಗಳನ್ನು ಕೊಟ್ಟು ಕನ್ನಡಕ್ಕೆ ತರಲು ಹೇಳಿದೆ. ‘ರನ್ ಎಂದರೆ ಓಡು’ ಎಂದು ಅವರು ಐದನೆಯ ತರಗತಿಯಿಂದಲೂ ಕಲಿತಿದ್ದರಿಂದ ಬಂದ ಉತ್ತರಗಳು ಹೀಗಿದ್ದವು: ತಂಗಿಯ ಮೂಗು ಓಡುತ್ತಿದೆ. ನನ್ನ ಕಾಕಾ ಹೋಟೆಲ್ ಓಡುತ್ತಾನೆ. ತುಂಗಭದ್ರಾ ನದಿ ಓಡುತ್ತದೆ. ಮನೆಯಲ್ಲಿ ಸಕ್ಕರೆ ಹೊರಗೆ ಓಡಿತು. ಹಾಗೆ ಬರೆದ ಮಕ್ಕಳು ದಡ್ಡರಲ್ಲ. ಕಲಿತದ್ದನ್ನು ನಂಬಿ, ಅದನ್ನು ಎಲ್ಲ ಕಡೆಯೂ ಪ್ರಾಮಾಣಿಕವಾಗಿ ಅನ್ವಯಿಸಿದ್ದಾರೆ. ಹಾಗಾಗಿಯೇ ಕೆಂಪು ಶಾಯಿಯಲ್ಲಿ ಗೀಟು ಹಾಕಲು ನನಗೆ ಮನಸ್ಸಾಗಲಿಲ್ಲ.

ನಿಘಂಟು ತೆಗೆದು ನೋಡಿದರೆ ಈ ಪುಟ್ಟ ಪದಕ್ಕೆ ಪುಟಗಟ್ಟಲೆ ಅರ್ಥಗಳಿವೆ. ಅವನ್ನೆಲ್ಲ ಬರೆಸಿ ಬಾಯಿಪಾಠ ಮಾಡಿಸುವುದು ಸಾಧ್ಯವೂ ಅಲ್ಲ, ಸರಿಯೂ ಅಲ್ಲ. ಒಂದೇ ಪದ ಇಷ್ಟು ಅರ್ಥಗಳನ್ನು ಹೊತ್ತದ್ದು ಹೇಗೆ, ಅವುಗಳ ಒಳಗೆ ಮಕ್ಕಳು ಹಿಡಿದುಕೊಳ್ಳಬಹುದಾದ ಒಂದು ಎಳೆ ಇದೆಯೇ, ಇದ್ದರೆ ಎಲ್ಲಿಂದ ಆರಂಭಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಧಾರವಾಡ

ಮೇಡಂ, ತಮ್ಮ ವಿದ್ಯಾರ್ಥಿಗಳು ಎಡವಿದ್ದು ಸಾಮಾನ್ಯ ಕಲ್ಲಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಇಪ್ಪತ್ತು ಸಂಪುಟಗಳ ಎರಡನೆಯ ಆವೃತ್ತಿ 1989ರಲ್ಲಿ ಬಂದಾಗ ಅದರಲ್ಲಿ ಅತಿ ದೀರ್ಘವಾದ ನಮೂದು ‘ಸೆಟ್’ ಎಂಬ ಪದದ್ದಾಗಿತ್ತು. ಮೂರನೆಯ ಆವೃತ್ತಿಗಾಗಿ ಪದಗಳನ್ನು ಮತ್ತೆ ಪರಿಷ್ಕರಿಸುತ್ತ ಹೋದಾಗ ‘ರನ್’ ಅದನ್ನು ಹಿಂದೆ ಹಾಕಿತು. ಕ್ರಿಯಾಪದದ ರೂಪಕ್ಕೇ 645 ಅರ್ಥಗಳು ಲೆಕ್ಕಕ್ಕೆ ಸಿಕ್ಕವು. ಈ ಒಂದು ಪದದ ಮೇಲೆ ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಸುಮಾರು ಒಂಬತ್ತು ತಿಂಗಳು ದುಡಿದರು. ಆದ್ದರಿಂದ ಅರ್ಥಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಬಾರದೆಂಬ ತಮ್ಮ ನಿರ್ಧಾರವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಆದರೆ ಎಳೆ ಖಂಡಿತ ಇದೆ, ಮತ್ತು ಅದು ಕಾಲಿನಲ್ಲಿ ಇಲ್ಲ, ನೀರಿನಲ್ಲಿದೆ. ನಾವೆಲ್ಲ ‘ರನ್’ ಎಂದಕೂಡಲೇ ಓಡುವ ಮನುಷ್ಯನನ್ನು ಕಲ್ಪಿಸಿಕೊಂಡು, ನದಿಗೆ ಅದನ್ನು ಆಲಂಕಾರಿಕವಾಗಿ ಹಚ್ಚಿರಬೇಕು ಎಂದುಕೊಳ್ಳುತ್ತೇವೆ. ಪದದ ಚರಿತ್ರೆ ಹಾಗೆ ಹೇಳುವುದಿಲ್ಲ. ಹಳೆಯ ಇಂಗ್ಲಿಷಿನ ‘ರಿನ್ನನ್’, ಅದರ ಅಕ್ಷರಪಲ್ಲಟವಾದ ‘ಇರ್ನನ್’ ಎಂಬ ರೂಪಗಳಲ್ಲಿ ಓಡುವುದೂ ಹರಿಯುವುದೂ ಮೊದಲಿನಿಂದಲೇ ಜೊತೆಯಾಗಿದ್ದವು. ಅದೇ ಮೂಲದ ಜರ್ಮನ್ ಭಾಷೆಯಲ್ಲಿ ಇವತ್ತಿಗೂ ‘ರಿನ್ನನ್’ ಎಂದರೆ ಹರಿಯುವುದು, ಜಿನುಗುವುದು. ‘ರೆನ್ನನ್’ ಎಂದರೆ ಓಡುವುದು. ಇಂಗ್ಲಿಷಿನಲ್ಲೇ ಸಣ್ಣ ಝರಿಗೆ ‘ರನಲ್’ ಎಂಬ ಹೆಸರಿದೆ. ಚೀಸ್ ಮಾಡುವಾಗ ಹಾಲನ್ನು ಗಟ್ಟಿಗೊಳಿಸಲು ಹಾಕುವ ‘ರೆನೆಟ್’ ಕೂಡ ಈ ಮನೆಯ ಪದವೇ. ಹಾಗಾದರೆ ಮೂಗು ಸೋರುವುದು, ನಲ್ಲಿಯಲ್ಲಿ ನೀರು ಬರುವುದು, ಒಗೆದ ಬಟ್ಟೆ ಬಣ್ಣ ಬಿಡುವುದು, ಮೇಣದ ಬತ್ತಿ ಕರಗಿ ಇಳಿಯುವುದು ಇವೆಲ್ಲ ‘ರನ್’ ಆಗಿರುವುದರಲ್ಲಿ ವಿಚಿತ್ರವೇನೂ ಇಲ್ಲ. ತಡೆಯಿಲ್ಲದೆ ಸಾಗುವುದೆಲ್ಲ ‘ರನ್’.

ಎರಡನೆಯ ಸಂಗತಿ ಕನ್ನಡದ ಮಕ್ಕಳಿಗೆ ಇನ್ನೂ ಮುಖ್ಯವಾದದ್ದು. ತಮ್ಮ ವಿದ್ಯಾರ್ಥಿ ‘ಕಾಕಾ ಹೋಟೆಲ್ ಓಡುತ್ತಾನೆ’ ಎಂದು ಬರೆದದ್ದನ್ನು ಗಮನಿಸಿ. ಕನ್ನಡದಲ್ಲಿ ತಾನೇ ಮಾಡುವುದಕ್ಕೂ ಇನ್ನೊಂದರಿಂದ ಮಾಡಿಸುವುದಕ್ಕೂ ಬೇರೆ ಬೇರೆ ರೂಪಗಳಿವೆ: ಓಡು, ಓಡಿಸು; ಹರಿ, ಹರಿಸು; ನಡೆ, ನಡೆಸು. ಹಳೆಯ ಇಂಗ್ಲಿಷಿನಲ್ಲೂ ಹೀಗೆಯೇ ಇತ್ತು. ‘ಇರ್ನನ್’ ನಮ್ಮ ಓಡುವಿನಂತೆ, ‘ಆರ್ನನ್’ ನಮ್ಮ ಓಡಿಸುವಿನಂತೆ ಬಳಕೆಯಾಗುತ್ತಿತ್ತು. ಕಾಲಕ್ರಮದಲ್ಲಿ ಎರಡೂ ಕೂಡಿ ಒಂದೇ ‘ರನ್’ ಆದವು. ಕನ್ನಡ ಉಳಿಸಿಕೊಂಡ ಭೇದವನ್ನು ಇಂಗ್ಲಿಷ್ ಕಳೆದುಕೊಂಡಿದೆ. ಅಲ್ಲಿ ಈಗ ಪದದ ರೂಪ ಸುಳಿವು ಕೊಡುವುದಿಲ್ಲ; ಪದದ ನಂತರ ಕರ್ಮ ಬಂದಿದೆಯೇ ಇಲ್ಲವೇ ಎಂಬುದೇ ಸುಳಿವು. ಆದ್ದರಿಂದ ಮಕ್ಕಳು ಮೊದಲು ಕೇಳಿಕೊಳ್ಳಬೇಕಾದದ್ದು ‘ರನ್ ಎಂದರೇನು’ ಎಂದಲ್ಲ, ‘ಇಲ್ಲಿ ಸಾಗುತ್ತಿರುವುದು ಯಾವುದು, ಅದನ್ನು ಯಾರಾದರೂ ಸಾಗಿಸುತ್ತಿದ್ದಾರೆಯೇ’ ಎಂದು. ಸಾಗುತ್ತಿರುವ ವಸ್ತು ತಿಳಿದರೆ ಅದಕ್ಕೆ ಒಪ್ಪುವ ಕ್ರಿಯಾಪದವನ್ನು ಕನ್ನಡ ಬಲ್ಲ ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀರಾದರೆ ಹರಿಯುತ್ತದೆ, ಬಸ್ಸಾದರೆ ಓಡುತ್ತದೆ, ಅಂಗಡಿಯಾದರೆ ನಡೆಯುತ್ತದೆ, ಮೂಗಾದರೆ ಸೋರುತ್ತದೆ.

ಅಂಗಡಿಯ ವಿಷಯದಲ್ಲಿ ಒಂದು ಮಾತು. ಇಂಗ್ಲಿಷಿನವರು ಓಡಿಸುವ ಹೋಟೆಲು, ಶಾಲೆ, ಸಂಘಗಳನ್ನು ನಾವು ನಡೆಸುತ್ತೇವೆ. ಸಂಸಾರವನ್ನಂತೂ ತೂಗಿಸುತ್ತೇವೆ. ಆದರೆ ಸಿನಿಮಾ ಮಾತ್ರ ನಮ್ಮಲ್ಲೂ ನೂರು ದಿನ ಓಡುತ್ತದೆ. ಹೀಗೆ ಎರಡು ಭಾಷೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಮಕ್ಕಳೇ ಹುಡುಕಲು ಬಿಟ್ಟರೆ ಅವರಿಗೆ ತುಂಬ ಸಂತೋಷವಾಗುತ್ತದೆ. ಮೂವತ್ತು ವರ್ಷ ಪಾಠ ಮಾಡಿದ ಅನುಭವದಿಂದ ಈ ಮಾತು ಹೇಳುತ್ತಿದ್ದೇನೆ.

ಉತ್ತರ: ನ್ಯಾಯಾಲಯದ ಭಾಷಾಂತರಕಾರ, ತುಮಕೂರು

ಗುರುಗಳ ವಿವರಣೆ ಓದಿ ನನ್ನ ವೃತ್ತಿಯ ಒಂದು ಕಷ್ಟವನ್ನು ಹಂಚಿಕೊಳ್ಳಬೇಕೆನಿಸಿತು. ಶಾಲೆಯಲ್ಲಿ ‘ರನ್’ ಪದವನ್ನು ತಪ್ಪಾಗಿ ತಿಳಿದರೆ ಒಂದು ಅಂಕ ಹೋಗಬಹುದು. ನಮ್ಮಲ್ಲಿ ಅದರಿಂದ ಒಬ್ಬ ಮನುಷ್ಯನ ಬದುಕಿನ ವರ್ಷಗಳು ಹೆಚ್ಚುಕಡಿಮೆ ಎಂದು ತೋರಿಬಿಡುತ್ತವೆ.

ಒಬ್ಬ ಆರೋಪಿಗೆ ಒಂದೇ ವಿಚಾರಣೆಯಲ್ಲಿ ಒಂದು ಅಪರಾಧಕ್ಕೆ 3 ವರ್ಷ, ಇನ್ನೊಂದಕ್ಕೆ 5 ವರ್ಷ ಶಿಕ್ಷೆಯಾಯಿತು ಎಂದುಕೊಳ್ಳಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 31ನೆಯ ಕಲಮಿನ ಪ್ರಕಾರ, ನ್ಯಾಯಾಲಯ ಬೇರೆ ರೀತಿ ಆದೇಶಿಸದಿದ್ದರೆ ಒಂದು ಶಿಕ್ಷೆ ಮುಗಿದ ಮೇಲೆ ಇನ್ನೊಂದು ಆರಂಭವಾಗುತ್ತಿತ್ತು. ಶಿಕ್ಷೆಗಳು ‘ರನ್ ಕನ್‌ಕರೆಂಟ್ಲಿ’ ಎಂದು ನ್ಯಾಯಾಧೀಶರು ಆದೇಶಿಸಿದರೆ ಎರಡೂ ಒಟ್ಟಿಗೇ ಸಾಗಿ 5 ವರ್ಷಕ್ಕೆ ಮುಗಿಯುತ್ತವೆ. ಇಲ್ಲವಾದರೆ 8 ವರ್ಷ. ಇಲ್ಲಿನ ‘ರನ್’ ಅನ್ನು ‘ಜಾರಿಯಾಗತಕ್ಕದ್ದು’ ಎಂದು ಬರೆಯುವವರಿದ್ದಾರೆ. ನನಗೆ ಅದು ತೃಪ್ತಿ ಕೊಡುವುದಿಲ್ಲ, ಏಕೆಂದರೆ ಜಾರಿಯಾಗುವುದು ಒಂದು ದಿನದ ಘಟನೆಯಂತೆ ಕೇಳಿಸುತ್ತದೆ. ದಿನದಿಂದ ದಿನಕ್ಕೆ ಸವೆಯುವ ಅವಧಿ ಅದರಲ್ಲಿ ಕಾಣುವುದಿಲ್ಲ. ‘ಎರಡೂ ಶಿಕ್ಷೆಗಳ ಅವಧಿ ಏಕಕಾಲದಲ್ಲಿ ಸಾಗತಕ್ಕದ್ದು’ ಎಂದು ನಾನು ಬರೆಯುತ್ತೇನೆ. ಓದಿ ಹೇಳಿದರೆ ಕಟಕಟೆಯಲ್ಲಿ ನಿಂತವನಿಗೂ ಅರ್ಥವಾಗುತ್ತದೆ.

ಇದೇ ರೀತಿ 1963ರ ಕಾಲಪರಿಮಿತಿ ಅಧಿನಿಯಮದ 9ನೆಯ ಕಲಮಿನಲ್ಲಿ ಕಾಲ ಒಮ್ಮೆ ‘ರನ್’ ಆಗತೊಡಗಿದರೆ ನಂತರ ಬಂದ ಯಾವ ಅಸಮರ್ಥತೆಯೂ ಅದನ್ನು ನಿಲ್ಲಿಸುವುದಿಲ್ಲ ಎಂಬ ಅರ್ಥದ ಮಾತಿದೆ. ಕೈಸಾಲ ವಸೂಲಿಯ ದಾವೆಗೆ ಸಾಮಾನ್ಯವಾಗಿ 3 ವರ್ಷದ ಮಿತಿ. ಆ 3 ವರ್ಷ ಓಡುವುದೂ ಅಲ್ಲ, ನಡೆಯುವುದೂ ಅಲ್ಲ. ಹಳ್ಳಿಯಿಂದ ಬಂದ ಕಕ್ಷಿದಾರರಿಗೆ ವಕೀಲರು ‘ಆ ದಿನದಿಂದಲೇ ಲೆಕ್ಕ ಶುರುವಾಯಿತು’ ಎಂದು ಹೇಳುವುದನ್ನು ಕೇಳಿದ್ದೇನೆ. ಅದಕ್ಕಿಂತ ಒಳ್ಳೆಯ ಭಾಷಾಂತರ ನನಗೆ ಈವರೆಗೆ ಸಿಕ್ಕಿಲ್ಲ. ಇನ್ನು ಜಮೀನಿನೊಂದಿಗೆ ‘ರನ್’ ಆಗುವ ಕರಾರು ಎಂದರೆ, ಜಮೀನು ಯಾರ ಕೈ ಸೇರಿದರೂ ಅದರ ಬೆನ್ನಿಗೇ ಹೋಗಿ ಹೊಸ ಮಾಲೀಕನನ್ನೂ ಕಟ್ಟಿಹಾಕುವ ಕರಾರು.

ಉತ್ತರ: ಪಂಪ್‌ಸೆಟ್ ದುರಸ್ತಿ ಮಾಡುವವರು, ಚಿಂತಾಮಣಿ

ನಾನು ಇಂಗ್ಲಿಷ್ ಪುಸ್ತಕ ಓದಿ ಈ ಪದ ಕಲಿತವನಲ್ಲ, ಮೋಟಾರಿನಿಂದ ಕಲಿತೆ. ನಮ್ಮ ಕಡೆ ಕೊಳವೆಬಾವಿಯಲ್ಲಿ ನೀರು ಕೆಳಗೆ ಇಳಿದು, ನೀರೇ ಸಿಗದೆ ಪಂಪು ತಿರುಗುತ್ತಿದ್ದರೆ ಅದನ್ನು ‘ಡ್ರೈ ರನ್’ ಎನ್ನುತ್ತಾರೆ. ನೀರಿನಲ್ಲಿ ಮುಳುಗಿರುವ ಮೋಟಾರಿಗೆ ಸುತ್ತಲಿನ ನೀರೇ ತಂಪು ಕೊಡಬೇಕು. ಅದು ಇಲ್ಲದೆ ತಿರುಗಿದರೆ ಬೇರಿಂಗು ಸವೆದು, ಕೊನೆಗೆ ಕಾಯಿಲು ಸುಟ್ಟು ರಿವೈಂಡಿಂಗಿಗೆ ಬರುತ್ತದೆ. ಅದಕ್ಕಾಗಿಯೇ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಡ್ರೈ ರನ್ ಆದಾಗ ತಾನಾಗಿ ನಿಲ್ಲಿಸುವ ಸಾಧನ ಅಳವಡಿಸುತ್ತೇವೆ.

2021ರ ಜನವರಿ ಮೊದಲ ವಾರದಲ್ಲಿ ಕೊರೊನಾ ಲಸಿಕೆಯ ‘ಡ್ರೈ ರನ್’ ನಡೆಯಲಿದೆ ಎಂದು ಪತ್ರಿಕೆಯಲ್ಲಿ ಬಂದಾಗ, ನಮ್ಮ ಅಂಗಡಿಗೆ ಬಂದ ಹಿರಿಯ ರೈತರೊಬ್ಬರು ‘ಏನಪ್ಪಾ, ಲಸಿಕೆಯೂ ಸುಟ್ಟುಹೋಯಿತೇ?’ ಎಂದು ಆತಂಕದಿಂದ ಕೇಳಿದರು. ಔಷಧಿಯಿಲ್ಲದೆ ಬರೀ ತಾಲೀಮು ಮಾಡಿ ನೋಡುವುದನ್ನು ಹಾಗೆ ಕರೆಯುತ್ತಾರೆ ಎಂದು ವಿವರಿಸಿದೆ. ಅದೇ ಪತ್ರಿಕೆ ‘ಲಸಿಕೆ ತಾಲೀಮು’ ಎಂದು ಬರೆದಿದ್ದರೆ ಅವರಿಗೆ ಆ ಗಾಬರಿಯೇ ಆಗುತ್ತಿರಲಿಲ್ಲ. ಒಂದೇ ಮಾತು ನಮ್ಮ ಕೆಲಸದಲ್ಲಿ ನಷ್ಟ, ಆರೋಗ್ಯ ಇಲಾಖೆಯಲ್ಲಿ ಮುನ್ನೆಚ್ಚರಿಕೆ. ಮೇಡಂ ಅವರ ಮಕ್ಕಳಿಗೆ ಈ ಉದಾಹರಣೆ ಉಪಯೋಗಕ್ಕೆ ಬರಬಹುದು ಎಂದು ಬರೆದಿದ್ದೇನೆ. ಮನೆಗೆ ಗ್ರಾನೈಟು ಹಾಕುವವರು ಲೆಕ್ಕ ಹಾಕುವ ‘ರನ್ನಿಂಗ್ ಫೀಟ್’, ಹಳೆಯ ಟ್ರ್ಯಾಕ್ಟರ್ ಮಾರುವವರು ಹೇಳುವ ‘ರನ್ನಿಂಗ್ ಕಂಡೀಷನ್’ ಇವೂ ಮಕ್ಕಳ ಕಿವಿಗೆ ಬಿದ್ದಿರುತ್ತವೆ. ಮೊದಲನೆಯದರಲ್ಲಿ ಅಗಲ ಬಿಟ್ಟು ಬರೀ ಉದ್ದ ಲೆಕ್ಕಕ್ಕೆ ಬರುತ್ತದೆ. ಎರಡನೆಯದರಲ್ಲಿ ಗಾಡಿ ನಿಂತಿದ್ದರೂ ಚಾಲ್ತಿಯಲ್ಲಿದೆ ಎಂದರ್ಥ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಡ್ರೈ ರನ್ನಿನ ಉದಾಹರಣೆ ನಮ್ಮ ಊರಿಗೂ ಚೆನ್ನಾಗಿ ಹೊಂದುತ್ತದೆ. ಸಾಗುತ್ತಿರುವ ವಸ್ತುವನ್ನು ಮೊದಲು ಹುಡುಕುವ ಕ್ರಮವನ್ನು ಮಕ್ಕಳಿಗೆ ಹೇಳಿದೆ. ಹತ್ತರಲ್ಲಿ ಆರು ವಾಕ್ಯಗಳು ಅವರಿಗೆ ತಾವಾಗಿಯೇ ಬಿಡಿಸಿಕೊಂಡವು. ಆದರೆ ‘ಸಕ್ಕರೆ ಹೊರಗೆ ಓಡಿತು’ ಎಂಬಲ್ಲಿ ಮತ್ತೆ ಸಿಕ್ಕಿಕೊಂಡೆವು. ‘ಔಟ್’, ‘ಓವರ್’, ‘ಇಂಟು’ ಇಂಥ ಬಾಲಗಳು ಸೇರಿದಾಗ ಏನು ಮಾಡಬೇಕು? ಮತ್ತೆ, ‘ರನ್ ಫಾರ್ ಎಲೆಕ್ಷನ್’ ಎಂಬುದಕ್ಕೆ ಒಬ್ಬ ಹುಡುಗ ‘ಚುನಾವಣೆಗಾಗಿ ಓಡಾಡುತ್ತಾರೆ’ ಎಂದು ಬರೆದ. ಅದು ತಪ್ಪೆಂದು ಹೇಳಲು ನನಗೇ ಧೈರ್ಯ ಸಾಲಲಿಲ್ಲ.

ಉತ್ತರ: ಕನ್ನಡಿಗ ಗೃಹಸ್ಥ, ನ್ಯೂಜೆರ್ಸಿ

ಆ ಹುಡುಗನ ಕಣ್ಣು ಚುರುಕಾಗಿದೆ ಎಂದು ನನ್ನ ಪರವಾಗಿ ಹೇಳಿ, ಮೇಡಂ. ಚುನಾವಣೆಯ ವಿಷಯದಲ್ಲಿ ಇಂಗ್ಲಿಷರೂ ಅಮೆರಿಕನ್ನರೂ ಬೇರೆ ಬೇರೆ ದಾರಿ ಹಿಡಿದಿದ್ದಾರೆ. ಬ್ರಿಟನ್ನಿನ ಅಭ್ಯರ್ಥಿ ಪಾರ್ಲಿಮೆಂಟಿಗೆ ‘ನಿಲ್ಲುತ್ತಾನೆ’. ಇಲ್ಲಿ ಅಮೆರಿಕದ ಅಭ್ಯರ್ಥಿ ‘ಓಡುತ್ತಾನೆ’. ಕನ್ನಡದಲ್ಲಿ ನಾವೂ ಚುನಾವಣೆಗೆ ನಿಲ್ಲುವವರೇ, ಕಣಕ್ಕಿಳಿಯುವವರೇ. ಇಲ್ಲಿನ ರಾಜಕೀಯದ ಮಾತುಗಳಲ್ಲಿ ಕುದುರೆ ಪಂದ್ಯದ ವಾಸನೆ ದಟ್ಟವಾಗಿದೆ. ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ‘ರನ್ನಿಂಗ್ ಮೇಟ್’ ಎನ್ನುತ್ತಾರೆ. 2024ರಲ್ಲಿ ಕಮಲಾ ಹ್ಯಾರಿಸ್ ಅವರಿಗೆ ಟಿಮ್ ವಾಲ್ಜ್ ಹಾಗಿದ್ದರು. ಮೂಲದಲ್ಲಿ ಆ ಮಾತು, ಒಂದೇ ಲಾಯದ ಮುಖ್ಯ ಕುದುರೆಗೆ ವೇಗ ಕಟ್ಟಿಕೊಡಲು ಜೊತೆಗೆ ಓಡುವ ಇನ್ನೊಂದು ಕುದುರೆಗೆ ಸಲ್ಲುತ್ತಿತ್ತು. ನಮ್ಮ ಕಣ ಕುಸ್ತಿಯದ್ದು, ಅವರ ಬಯಲು ಕುದುರೆಯದ್ದು.

ಇಲ್ಲಿಗೆ ಬಂದ ಹೊಸತರಲ್ಲಿ, ಮಗಳ ಶಾಲೆಯಿಂದ ದೂರವಾಣಿ ಬಂತು. ‘ಶಿ ಈಸ್ ರನ್ನಿಂಗ್ ಎ ಫೀವರ್’ ಎಂದರು. ಇಂಗ್ಲಿಷಿನಲ್ಲೇ ಪದವಿ ಪಡೆದಿದ್ದರೂ ಕ್ಷಣಕಾಲ ತಬ್ಬಿಬ್ಬಾದೆ. ಆಮೇಲೆ ಯೋಚಿಸಿದಾಗ ಹೊಳೆದದ್ದು ವ್ಯಾಕರಣದ ಭೇದ. ಕನ್ನಡದಲ್ಲಿ ಮಗುವಿಗೆ ಜ್ವರ ಬರುತ್ತದೆ. ಜ್ವರ ಅತಿಥಿಯಂತೆ ಹೊರಗಿನಿಂದ ಬಂದು, ಬಿಟ್ಟುಹೋಗುತ್ತದೆ. ಇಂಗ್ಲಿಷಿನ ವಾಕ್ಯದಲ್ಲಿ ಮಗುವೇ ಕರ್ತೃ. ಎಲ್ಲ ಕಡೆಯೂ ಪದಕ್ಕೆ ಪದ ಹುಡುಕಬಾರದು, ಕೆಲವು ಕಡೆ ವಾಕ್ಯವನ್ನೇ ತಿರುಗಿಸಿ ಕಟ್ಟಬೇಕು ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ನನಗೆ ಗೊತ್ತಿಲ್ಲ.

ಬ್ಯಾಂಕಿನ ‘ರನ್’ ಕೂಡ ಹೀಗೆಯೇ. 2023ರ ಮಾರ್ಚ್ 9ರಂದು ಕ್ಯಾಲಿಫೋರ್ನಿಯಾದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಗ್ರಾಹಕರು ಒಂದೇ ದಿನದಲ್ಲಿ 42 ಶತಕೋಟಿ ಡಾಲರ್ ಹಿಂಪಡೆಯಲು ಮುಂದಾದರು. ಮರುದಿನವೇ ಬ್ಯಾಂಕು ಮುಚ್ಚಿತು. ಅದರಲ್ಲಿ ಹೆಚ್ಚಿನವರು ಕುಳಿತಲ್ಲಿಂದಲೇ ಹಣ ವರ್ಗಾಯಿಸಲು ಹೊರಟಿದ್ದರು, ಬ್ಯಾಂಕಿನ ಬಾಗಿಲಿಗೆ ಓಡಿದವರು ಕಡಿಮೆ. ಕನ್ನಡದಲ್ಲಿ ಇದಕ್ಕೆ ‘ಠೇವಣಿದಾರರು ಹಣಕ್ಕಾಗಿ ಮುಗಿಬಿದ್ದರು’ ಎನ್ನುತ್ತೇನೆ. ಮುಗಿಬೀಳುವುದರಲ್ಲಿ ಆತುರವೂ ಇದೆ, ಗುಂಪೂ ಇದೆ, ಭಯವೂ ಇದೆ.

ಕ್ರಿಕೆಟ್ಟಿನ ರನ್ನನ್ನು ವಿವರಿಸುವ ಅಗತ್ಯವಿಲ್ಲ. ಒಂದು ಸಂಗತಿ ಮಾತ್ರ ಹೇಳುತ್ತೇನೆ: 18ನೆಯ ಶತಮಾನದಲ್ಲಿ ಲೆಕ್ಕ ಬರೆಯುವವರು ಒಂದೊಂದು ಓಟಕ್ಕೂ ಕೋಲಿನ ಮೇಲೆ ಕಚ್ಚು ಹಾಕುತ್ತಿದ್ದುದರಿಂದ ಆಗ ರನ್ನಿಗೆ ‘ನಾಚ್’, ಅಂದರೆ ಕಚ್ಚು, ಎಂದೇ ಹೆಸರಿತ್ತು. ಇಂದು ಚೆಂಡು ಗೆರೆ ದಾಟಿದರೆ ಬ್ಯಾಟುಗಾರ ಒಂದು ಹೆಜ್ಜೆ ಓಡದಿದ್ದರೂ ನಾಲ್ಕು ‘ಓಟ’ ಸಿಗುತ್ತವೆ. ಓಟ ಹೋಗಿ ಎಣಿಕೆ ಮಾತ್ರ ಉಳಿಯಿತು.

ಉತ್ತರ: ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಧಾರವಾಡ

ಬಾಲಗಳ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಮಕ್ಕಳ ಮುಂದೆ ಇಂಗ್ಲಿಷ್ ತರುವ ಮೊದಲು ಕನ್ನಡದ ‘ಬೀಳು’ ಎಂಬ ಪದವನ್ನು ಫಲಕದ ಮೇಲೆ ಬರೆಯಿರಿ. ಕಣ್ಣಿಗೆ ಬೀಳುವುದು, ಕಾಲಿಗೆ ಬೀಳುವುದು, ಬೆನ್ನು ಬೀಳುವುದು, ಹಾಸಿಗೆ ಹಿಡಿದು ಬೀಳುವುದು, ಈಗಷ್ಟೇ ನ್ಯೂಜೆರ್ಸಿಯವರು ಹೇಳಿದ ಮುಗಿಬೀಳುವುದು. ಇವುಗಳಲ್ಲಿ ನೆಲಕ್ಕೆ ಬಿದ್ದವರು ಎಷ್ಟು ಜನ ಎಂದು ಕೇಳಿ. ಪಕ್ಕದಲ್ಲಿ ‘ಹೊಡೆ’ ಎಂದು ಬರೆಯಿರಿ. ಗೊರಕೆ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಗೋಡೆಗೆ ಬಣ್ಣ ಹೊಡೆಯುತ್ತೇವೆ, ಬೆಳೆಗೆ ಔಷಧಿ ಹೊಡೆಯುತ್ತೇವೆ, ನಮ್ಮ ಕಡೆ ಹೊಲದಲ್ಲಿ ಗಳೆ ಹೊಡೆಯುತ್ತೇವೆ. ಇವುಗಳಲ್ಲಿ ಏಟು ತಿಂದವರು ಯಾರು? ಒಬ್ಬ ಇಂಗ್ಲಿಷ್ ಹುಡುಗ ‘ಹೊಡೆ ಎಂದರೆ ಬೀಟ್’ ಎಂದು ಬಾಯಿಪಾಠ ಮಾಡಿಕೊಂಡು ಕೊಪ್ಪಳಕ್ಕೆ ಬಂದರೆ ಅವನ ಪಾಡು ಏನಾಗಬಹುದೆಂದು ಮಕ್ಕಳು ಊಹಿಸಲಿ. ತಾವು ಎಷ್ಟು ಸಲೀಸಾಗಿ ಒಂದು ಪದವನ್ನು ಇಪ್ಪತ್ತು ರೀತಿಯಲ್ಲಿ ಬಳಸುತ್ತಿದ್ದೇವೆ ಎಂಬುದು ಗೊತ್ತಾದ ಮೇಲೆ ಅವರಿಗೆ ‘ರನ್’ ಕುರಿತ ಹೆದರಿಕೆ ಉಳಿಯುವುದಿಲ್ಲ.

ಆನಂತರ ಹೇಳಿ: ಬಾಲ ಬಂದಾಗ ಅರ್ಥದ ಭಾರವೆಲ್ಲ ಬಾಲಕ್ಕೆ ಹೋಗುತ್ತದೆ, ‘ರನ್’ ಬರೀ ಸಾಗುವಿಕೆಯನ್ನು ಕೊಡುತ್ತದೆ. ಡಬ್ಬಿಯಿಂದ ಸಕ್ಕರೆ ದಿನಾ ಸ್ವಲ್ಪ ಸ್ವಲ್ಪ ಸಾಗಿ, ಇನ್ನು ಒಳಗೆ ಏನೂ ಇಲ್ಲವೆಂಬ ಸ್ಥಿತಿ ‘ಔಟ್’. ಹಾಗಾಗಿ ಸಕ್ಕರೆ ತೀರಿತು, ಕಾಲ ಮೀರಿತು. ‘ಓವರ್’ ಬಂದರೆ ಮೇಲೆ ಹರಿಯುವುದು. ಅಪಘಾತದ ಸುದ್ದಿಯಲ್ಲಿ ‘ಲಾರಿ ಹರಿದು’ ಎಂದು ನಮ್ಮ ಪತ್ರಿಕೆಗಳು ಬರೆಯುವುದನ್ನು ಗಮನಿಸಿದರೆ, ಅಲ್ಲಿ ನಮ್ಮ ನೀರೂ ಅವರ ನೀರೂ ಒಂದೇ ಎಂದು ತಿಳಿಯುತ್ತದೆ. ‘ಇಂಟು’ ಬಂದರೆ ಎದುರಾಗುವುದು. ಮನುಷ್ಯರಾದರೆ ಅಕಸ್ಮಾತ್ ಭೇಟಿ, ಗೋಡೆಯಾದರೆ ಢಿಕ್ಕಿ. ಒಂದು ದಿನಕ್ಕೆ ಈ ಮೂರು ಸಾಕು. ಉಳಿದವು ಪಾಠದಲ್ಲಿ ಎದುರಾದಾಗ ಕಲಿಯಲಿ. ಎಲ್ಲವನ್ನೂ ಒಟ್ಟಿಗೆ ಬಡಿಸಿದರೆ ಅದು ಮತ್ತೆ ಪಟ್ಟಿಯೇ ಆಗುತ್ತದೆ.

ಪ್ರಶ್ನೆ ಕೇಳಿದವರು

ಸರ್, ತಾವು ಹೇಳಿದಂತೆಯೇ ಮಾಡಿದೆ. ‘ಹೊಡೆ’ ಪದಕ್ಕೆ ಮಕ್ಕಳು ಅರ್ಧ ಗಂಟೆಯಲ್ಲಿ ಮೂವತ್ತೊಂದು ಬಳಕೆಗಳನ್ನು ಹೇಳಿದರು. ಹಿಂದಿನ ಬೆಂಚಿನಲ್ಲಿ ಕುಳಿತು ಇಂಗ್ಲಿಷ್ ಅವಧಿಯಲ್ಲಿ ಎಂದೂ ಬಾಯಿ ತೆರೆಯದ ಇಬ್ಬರು ಎಲ್ಲರಿಗಿಂತ ಹೆಚ್ಚು ಹೇಳಿದರು. ಆಮೇಲೆ ‘ರನ್’ ವಾಕ್ಯಗಳನ್ನು ಮತ್ತೆ ಬರೆಸಿದಾಗ ಮೂಗು ಸೋರಿತು, ನದಿ ಹರಿಯಿತು, ಕಾಕಾ ಹೋಟೆಲ್ ನಡೆಸಿದರು, ಸಕ್ಕರೆ ತೀರಿತು.

ಕೊನೆಯಲ್ಲಿ ನಾನೇ ಒಂದು ವಾಕ್ಯ ಸೇರಿಸಿದೆ: ‘ದ ಕೆನಾಲ್ ರನ್ಸ್ ಥ್ರೂ ಅವರ್ ವಿಲೇಜ್.’ ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯ ಊರು. ಎಲ್ಲರೂ ‘ಕಾಲುವೆ ನಮ್ಮ ಊರಿನಲ್ಲಿ ಹರಿಯುತ್ತದೆ’ ಎಂದು ಬರೆದರು. ‘ಕಾಕಾ ಹೋಟೆಲ್ ಓಡುತ್ತಾನೆ’ ಎಂದು ಬರೆದಿದ್ದ ಹುಡುಗ ಮಾತ್ರ ಬರೆಯದೆ ಕುಳಿತಿದ್ದ. ಏಕೆಂದು ಕೇಳಿದೆ. ‘ಮಿಸ್, ಈಗ ಬೇಸಿಗೆ, ಕಾಲುವೆಗೆ ನೀರು ಬಿಟ್ಟಿಲ್ಲ. ಸಾಗುತ್ತಿರುವುದು ಯಾವುದು ಎಂದು ಮೊದಲು ಹುಡುಕಿ ಅಂದಿರಿ. ಇಲ್ಲಿ ಏನೂ ಸಾಗುತ್ತಿಲ್ಲವಲ್ಲ?’ ಎಂದ.

ನನಗೂ ಸ್ವಲ್ಪ ಹೊತ್ತು ಉತ್ತರ ಹೊಳೆಯಲಿಲ್ಲ. ನೀರಿದ್ದರೂ ಇಲ್ಲದಿದ್ದರೂ ಆ ವಾಕ್ಯ ನಿಜವೇ ಎಂದು ತರಗತಿಯನ್ನು ಕೇಳಿದೆ. ನಿಜ ಎಂದರು. ಹಾಗಾದರೆ ಇಲ್ಲಿ ಸಾಗುವುದು ನೀರಲ್ಲ, ಕಾಲುವೆಯ ಗುಂಟ ಹೋಗುವ ನಮ್ಮ ಕಣ್ಣು ಎಂದು ಹೇಳಿ, ಇಂಥ ಕಡೆ ಇಂಗ್ಲಿಷಿನವರು ‘ಈಸ್ ರನ್ನಿಂಗ್’ ಎನ್ನದೆ ‘ರನ್ಸ್’ ಎಂದೇ ಹೇಳುತ್ತಾರೆ ಎಂಬುದನ್ನೂ ಸೇರಿಸಿದೆ. ಅವನು ತಲೆಯಾಡಿಸಿ ಬರೆದ ವಾಕ್ಯ ಇದು: ‘ಕಾಲುವೆ ನಮ್ಮ ಊರಿನ ಮೂಲಕ ಹಾದುಹೋಗುತ್ತದೆ, ನೀರು ಬಿಟ್ಟಾಗ ಹರಿಯುತ್ತದೆ.’